ಕಾಲೇಜಿನ ಆಟಕ್ಕೆ ಹಿರಿಯ ವೇಷಧಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹಿಡಿಯುತ್ತಲೇ ಕಾಸರಗೋಡು, ಮಂಜೇಶ್ವರ ಕಡೆಯ ಕಾಲೇಜುಗಳ ಕನ್ನಡ ಸಂಘಗಳಲ್ಲಿ ವರ್ಷದ ಯಕ್ಷಗಾನ ಆಟದ ಮಾತು ಶುರುವಾಗುತ್ತದೆ. ವಿದ್ಯಾರ್ಥಿಗಳ ತಂಡದಲ್ಲಿ ಹಿರಿಯ ಯಕ್ಷಗಾನ ಕಲಾವಿದರೊಬ್ಬರಿಗೆ ವೇಷ ಕೊಟ್ಟು ಆಟ ಕಟ್ಟುವುದು ಹೇಗೆ ಎಂಬ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಉತ್ತರಗಳೆಲ್ಲ ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ಕ್ರಮಕ್ಕೆ ಹೊಂದಿದವು.

ಪ್ರಶ್ನೆ: ಒಂದೂವರೆ ಗಂಟೆಯ ಯಕ್ಷಗಾನ ಮಾಡಬೇಕೆಂದಿದ್ದೇವೆ. ಎಪ್ಪತ್ತು ದಾಟಿದ, ನಾವೆಲ್ಲ ತುಂಬ ಗೌರವಿಸುವ ಕಲಾವಿದರೊಬ್ಬರು ಒಂದು ವೇಷ ಮಾಡಲು ಒಪ್ಪಿದ್ದಾರೆ. ಪ್ರಸಂಗ, ವೇಷ ಯಾವುದೆಂದು ನಾವೇ ಹೇಳಬಹುದೇ? ಯಾವ ತಿಂಗಳಲ್ಲಿ ಇಟ್ಟುಕೊಂಡರೆ ಅವರಿಗೆ ಅನುಕೂಲ?
– ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಹೇಳಬಹುದು. ಆದರೆ ಒಂದೇ ಪ್ರಸಂಗ ಹಿಡಿದುಕೊಂಡು ಹೋಗಬೇಡಿ, ಎರಡು ಅಥವಾ ಮೂರು ಇಟ್ಟುಕೊಂಡು ಹೋಗಿ. "ನಿಮಗೆ ಯಾವುದಾದರೂ ಆಗಬಹುದು" ಎಂದರೆ ಅವರ ಮೇಲೆ ಹೊರೆ ಹಾಕಿದ ಹಾಗೆ. "ಇದೇ ಆಗಬೇಕು" ಎಂದರೆ, ಮೊಣಕಾಲು ನೋವಿದ್ದರೂ ಮಕ್ಕಳು ಕೇಳಿದರಲ್ಲ ಎಂದು ಒಪ್ಪಿಬಿಡುವವರಿದ್ದಾರೆ.

ವೇಷ ಆರಿಸುವಾಗ ಕೇಳಿಕೊಳ್ಳಬೇಕಾದ್ದು ಆ ಪಾತ್ರದ ಬಲ ಕಾಲಿನಲ್ಲಿದೆಯೋ ಮಾತಿನಲ್ಲಿದೆಯೋ ಎಂದು. ವಾಲಿ, ಅಭಿಮನ್ಯು, ಸುಧನ್ವ ಮೊದಲಾದವಕ್ಕೆ ಏರುಪದ್ಯ (ಆವೇಶದ ಹಾಡು), ಯುದ್ಧದ ಕುಣಿತ, ಧೀಂಗಿಣ (ಸುತ್ತಿ ಹಾರುವ ಕುಣಿತ) ಬೇಕೇ ಬೇಕು. ಅವನ್ನು ಹುಡುಗರಿಗೆ ಬಿಡಿ. ಹಿರಿಯರಿಗೆ ಸಭೆಯಲ್ಲಿ ಕೂತು ಮಾತಾಡುವ ಪಾತ್ರ ಹುಡುಕಿ. ಕೃಷ್ಣ ಸಂಧಾನದ ಕೌರವ, ಭೀಷ್ಮ ವಿಜಯದ ಭೀಷ್ಮ ಇಂಥವು ಹೊಂದುತ್ತವೆ. ಭೀಷ್ಮನಿಗೆ ಪರಶುರಾಮನೊಡನೆ ಯುದ್ಧವಿರುವುದರಿಂದ ಕಥೆಯನ್ನು ಅಂಬೆಯ ಸಂವಾದದವರೆಗೆ ಮಾತ್ರ ಇಟ್ಟುಕೊಳ್ಳಬೇಕಾದೀತು.

ನಾವು ಸೂಚಿಸುವುದು ಅಂಗದ ಸಂಧಾನ. ನಿಮ್ಮ ಊರಿನವನೇ ಎಂದು ಪರಂಪರೆ ಹೇಳುವ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ ಇದೂ ಒಂದು. ಸಿಂಹಾಸನದ ಮೇಲೆ ಹಿರಿಯ ರಾವಣ, ಎದುರಿಗೆ ಒಬ್ಬನೇ ಬಂದು ನಿಂತ ಎಳೆಯ ಅಂಗದ. ಹಿರಿಯ ಕಲಾವಿದರಿಗೂ ವಿದ್ಯಾರ್ಥಿಗೂ ಇರುವ ವಯಸ್ಸಿನ ಅಂತರವೇ ಇಲ್ಲಿ ಪಾತ್ರಗಳ ಅಂತರ. ಅಂಗದ ತಡವರಿಸದೆ ನಿಂತರೆ ಸಭೆ ಅವನ ಕಡೆಗಾಗುತ್ತದೆ. ಅಳುಕಿದರೂ ಆ ಪ್ರಾಯಕ್ಕೆ ಒಪ್ಪುತ್ತದೆ. ರಾವಣ ಯಾವ ಬಗೆಯ ವೇಷದಲ್ಲಿ ಬರಬೇಕು, ಒಡ್ಡೋಲಗದಲ್ಲಿ (ಸಭೆಗೆ ಬರುವ ಪ್ರವೇಶದಲ್ಲಿ) ಎಷ್ಟು ಕುಣಿಯಬೇಕು ಎಂಬುದನ್ನು ಪೂರ್ತಿ ಅವರಿಗೇ ಬಿಡಿ.

ಇನ್ನು ತಿಂಗಳು. ತೆಂಕಿನ ಮೇಳಗಳು (ವೃತ್ತಿ ತಂಡಗಳು) ದೀಪಾವಳಿ ಕಳೆದು ಹೊರಟರೆ ತಿರುಗಾಟ ಮುಗಿಯುವುದು ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ. ಆ ನಡುವೆ ರಾತ್ರಿ ಆಟ ಮಾಡಿ ಹಗಲು ನಿದ್ದೆ ಮಾಡುವವರನ್ನು ಮಧ್ಯಾಹ್ನದ ಕಾಲೇಜು ಕಾರ್ಯಕ್ರಮಕ್ಕೆ ಎಬ್ಬಿಸಿ ತರುವುದು ತಪ್ಪು. ನಿಮ್ಮ ಹಿರಿಯರು ಮೇಳದಿಂದ ನಿವೃತ್ತರಾಗಿದ್ದರೂ ಪದ್ಯ ಹಾಡುವ ಭಾಗವತರು, ಮದ್ದಳೆಯವರು ಮೇಳದಲ್ಲೇ ಇರುತ್ತಾರೆ. ಹಾಗಾಗಿ ಜುಲೈಯಿಂದ ಅಕ್ಟೋಬರ್ ಒಳಗೆ ದಿನ ನೋಡಿ. ಕರ್ಕಾಟಕ ಮಾಸದ ಜಡಿಮಳೆಯಲ್ಲಿ ತಾಳಮದ್ದಳೆಗಳು (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ತುಂಬ ಇರುತ್ತವೆ, ಆದ್ದರಿಂದ ದಿನವನ್ನು ಎರಡು ತಿಂಗಳು ಮೊದಲೇ ಗೊತ್ತುಮಾಡಿಕೊಳ್ಳಿ.

ಕೇಳಲು ಇಬ್ಬರೋ ಮೂವರೋ ಹೋದರೆ ಸಾಕು, ಅವರಲ್ಲಿ ಒಬ್ಬರು ಅಧ್ಯಾಪಕರಿರಲಿ. ವೀಳ್ಯ ಕೊಟ್ಟು ಆಹ್ವಾನಿಸುವ ದಿನವೇ ಸಂಭಾವನೆ ಎಷ್ಟು, ಹೋಗಿಬರುವ ಕಾರು ಯಾರದ್ದು, ಜತೆಗೆ ಬರುವವರು ಯಾರು ಎಂಬುದನ್ನು ಮಾತಾಡಿ ಮುಗಿಸಿ. "ಮಕ್ಕಳ ಕಾರ್ಯಕ್ರಮ, ನೀವು ಹೇಳಿದ ಹಾಗೆ" ಎಂದು ತೇಲಿಸಬೇಡಿ. ಹಿರಿಯರು ಮೊತ್ತ ಹೇಳುವುದಿಲ್ಲ, ಸಂಘ ಕೇಳುವುದಿಲ್ಲ, ಕೊನೆಗೆ ಲಕೋಟೆಯೊಳಗಿನದು ಯಾರಿಗೂ ಸಮಾಧಾನ ಕೊಡುವುದಿಲ್ಲ. ನಿಮ್ಮಲ್ಲಿ ಇಷ್ಟಿದೆ ಎಂದು ಮೊದಲೇ ಹೇಳಿ. ಒಪ್ಪುವುದು ಬಿಡುವುದು ಅವರ ಹಕ್ಕು.

ಪ್ರಶ್ನೆ: ಹಿರಿಯರು "ಟ್ರಯಲ್‌ಗೆ ಬರುವುದೇನೂ ಬೇಡ, ಪದ್ಯ ಗೊತ್ತಿದೆಯಲ್ಲ" ಎನ್ನುತ್ತಾರೆ. ನಮ್ಮ ತಂಡದವರು ಶಾಲೆಯಲ್ಲಿದ್ದಾಗ ಕಲೋತ್ಸವದ (ಕೇರಳದ ಶಾಲಾ ಕಲಾಸ್ಪರ್ಧೆಯ) ಯಕ್ಷಗಾನದಲ್ಲಿ ಭಾಗವಹಿಸಿದವರು. ಮಾತು ಬರೆದು ಕೊಟ್ಟರೆ ಚೆನ್ನಾಗಿ ಹೇಳುತ್ತಾರೆ. ಅವರು ಏನು ಮಾತಾಡುತ್ತಾರೆಂದು ಮೊದಲೇ ತಿಳಿಯದೆ ನಾವು ಅಭ್ಯಾಸ ಮಾಡುವುದು ಹೇಗೆ?
– ಕನ್ನಡ ಸಂಘದ ಕಾರ್ಯದರ್ಶಿ, ಬದಿಯಡ್ಕ

ಉತ್ತರ: ನಿಮ್ಮ ಆಟ ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಯ ಮೇಲೆಯೇ.

ಕಲೋತ್ಸವದಲ್ಲಿ ಗಡಿಯಾರಕ್ಕೆ ಹೊಂದಿಸಿ ಮಾತು ಕಟ್ಟಿರುತ್ತಾರೆ. ಎದುರಿನವನ ಕೊನೆಯ ಶಬ್ದ ಯಾವುದೆಂದು ಗೊತ್ತು, ಅದು ಕಿವಿಗೆ ಬಿದ್ದೊಡನೆ ಇವನ ಮಾತು ಹೊರಡುತ್ತದೆ. ಹಿರಿಯ ವೇಷಧಾರಿ ಅದೇ ಪದ್ಯಕ್ಕೆ ಇವತ್ತು ಒಂದು ಅರ್ಥ (ಪದ್ಯ ಹಿಡಿದು ಆಶುವಾಗಿ ಆಡುವ ಮಾತು), ನಾಳೆ ಇನ್ನೊಂದು ಅರ್ಥ ಹೇಳಬಲ್ಲವರು. ನೀವು ಕಾಯುವ ಶಬ್ದ ಬರುವುದೇ ಇಲ್ಲ, ಹುಡುಗ ಬಾಯಿಬಿಟ್ಟು ನಿಲ್ಲುತ್ತಾನೆ. ಅವರಿಂದ ಮಾತು ಬರೆಸಿಕೊಂಡು ಕಟ್ಟಿಹಾಕಲು ಹೋಗಬೇಡಿ. ಯಾವುದಕ್ಕಾಗಿ ಅವರನ್ನು ಕರೆದಿರೋ ಅದೇ ಹೋಗಿಬಿಡುತ್ತದೆ. ಗಟ್ಟಿಮಾಡಬೇಕಾದ್ದು ಪದ್ಯಗಳನ್ನು, ಮಾತನ್ನಲ್ಲ.

ಮೊದಲು ಭಾಗವತರನ್ನು ಗೊತ್ತುಮಾಡಿ. ತಂಡದ ಉಳಿದವರೆಲ್ಲ ವಿದ್ಯಾರ್ಥಿಗಳಾದರೂ ಭಾಗವತರು ಪಳಗಿದವರೇ ಇರಬೇಕು. ಅರ್ಥ ಎಲ್ಲಿ ಮುಗಿಯಿತು, ಪದ್ಯವನ್ನು ಯಾವಾಗ ಎತ್ತಬೇಕು, ಹುಡುಗ ತಡವರಿಸಿದರೆ ಒಂದು ಪದ್ಯ ಬಿಟ್ಟು ಮುಂದಕ್ಕೆ ಹೇಗೆ ಹೋಗಬೇಕು ಎಂಬುದು ಅವರ ಕೈಯಲ್ಲಿದೆ. ಹಣ ಸಾಲದಿದ್ದರೆ ದೀಪ, ಬ್ಯಾನರು, ಊಟ ಎಲ್ಲಿ ಬೇಕಾದರೂ ಉಳಿಸಿ, ಭಾಗವತರಲ್ಲಿ ಉಳಿಸಬೇಡಿ.

ಭಾಗವತರೊಂದಿಗೆ ಕೂತು ಪದ್ಯಗಳ ಪಟ್ಟಿ ಮಾಡಿ. ಪದ್ಯದ ಮೊದಲ ಸಾಲು, ರಾಗ ತಾಳ, ರಂಗದಲ್ಲಿ ಯಾರಿರುತ್ತಾರೆ, ಅರ್ಥ ಯಾರದ್ದು, ಎಷ್ಟು ನಿಮಿಷ ಇಷ್ಟಿದ್ದರೆ ಸಾಕು. ತೊಂಬತ್ತು ನಿಮಿಷಕ್ಕೆ ಅಂಗದ ಸಂಧಾನದ ಲೆಕ್ಕ ಹೀಗೆ ಹಾಕಬಹುದು: ಸ್ತುತಿಗೆ 5, ರಾಮನ ಒಡ್ಡೋಲಗದಿಂದ ಅಂಗದನನ್ನು ಕಳುಹುವವರೆಗೆ ಐದು ಪದ್ಯಗಳಲ್ಲಿ 18, ಅಂಗದನ ಪಯಣಕ್ಕೆ 6, ರಾವಣನ ಒಡ್ಡೋಲಗಕ್ಕೆ 8, ರಾವಣ ಅಂಗದರ ಸಂವಾದಕ್ಕೆ 40, ಹಿಂದಿರುಗುವುದು ಮತ್ತು ಮಂಗಳಕ್ಕೆ 8. ಒಟ್ಟು 85 ಆಯಿತು. ಉಳಿದ ಐದು ನಿಮಿಷ ಹಿರಿಯರಿಗೆ ಮೀಸಲು, ಅದನ್ನು ಬೇರೆ ಯಾರಿಗೂ ಹಂಚಬೇಡಿ.

ಸಂವಾದದ ನಲವತ್ತು ನಿಮಿಷಕ್ಕೆ ಎಂಟು ಪದ್ಯ ಸಾಕು, ರಾವಣನಿಗೆ ನಾಲ್ಕು, ಅಂಗದನಿಗೆ ನಾಲ್ಕು. ಪದ್ಯ ಒಂದಕ್ಕೆ ಒಂದೂವರೆ ನಿಮಿಷದಂತೆ ಹಾಡಿಗೆ ಹನ್ನೆರಡು ಹೋದರೆ ಉಳಿಯುವುದು ಇಪ್ಪತ್ತೆಂಟು. ಅಂಗದನ ಅರ್ಥ ಎರಡೆರಡು ನಿಮಿಷ, ರಾವಣನದ್ದು ಐದೈದು. ಹುಡುಗರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ. ತಾವು ಐದು ನಿಮಿಷದ ಮಾತು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಹಿರಿಯರು ಸುಮ್ಮನೆ ಕೇಳುತ್ತ ಕೂರಬೇಕಾಗುತ್ತದೆ.

ಅಂಗದನ ಪಾತ್ರಧಾರಿ ತನ್ನ ನಾಲ್ಕು ಪದ್ಯಗಳನ್ನೂ ರಾವಣನ ನಾಲ್ಕನ್ನೂ ಶಬ್ದ ಶಬ್ದವಾಗಿ ಬಿಡಿಸಿ ಅರ್ಥ ಮಾಡಿಕೊಳ್ಳಬೇಕು. ಪ್ರತಿ ಪದ್ಯಕ್ಕೂ ಅಂಗೈಯಗಲದ ಚೀಟಿಯೊಂದು: ಪದ್ಯದ ತಿರುಳು ಒಂದು ವಾಕ್ಯದಲ್ಲಿ, ಅದನ್ನು ಎತ್ತಿಹಿಡಿಯುವ ಮೂರು ಸಮರ್ಥನೆ, ಭಾಗವತರಿಗೆ ಎತ್ತುಗಡೆ (ಮುಂದಿನ ಪದ್ಯ ಎತ್ತುವ ಸೂಚನೆ) ಕೊಡುವ ಕೊನೆಯ ಮಾತು. ಬಾಯಿಪಾಠವಾಗಬೇಕಾದ್ದು ಆ ಕೊನೆಯ ಮಾತು ಮಾತ್ರ.

ಆಮೇಲೆ ವೇಷ, ಕುಣಿತ ಏನೂ ಇಲ್ಲದೆ ತಾಳಮದ್ದಳೆಯ ಹಾಗೆ ಕೂತು ಅಭ್ಯಾಸ ಮಾಡಿ. ರಾವಣನ ಜಾಗದಲ್ಲಿ ಅಧ್ಯಾಪಕರೋ ಹಿರಿಯ ವಿದ್ಯಾರ್ಥಿಯೋ ಕೂರಲಿ. ರಾವಣ ಕೇಳಬಹುದಾದ ಪ್ರಶ್ನೆಗಳು ಹೆಚ್ಚೇನಿಲ್ಲ. ನೀನು ಯಾರು? ಯಾರ ಮಗ? ವಾಲಿಗೂ ನನಗೂ ಇದ್ದ ಸ್ನೇಹ ನಿನಗೆ ತಿಳಿದಿದೆಯೇ? ಅವನನ್ನು ಕೊಂದವರು ಯಾರು? ತಂದೆಯನ್ನು ಕೊಂದವನ ದೂತನಾಗಿ ಬರಲು ನಿನಗೆ ಹೇಗೆ ಮನಸ್ಸಾಯಿತು? ಈಗ ನನ್ನ ಕಡೆ ಬಂದರೆ ಏನಾದೀತು? ಇವನ್ನು ದಿನಕ್ಕೊಂದು ಕ್ರಮದಲ್ಲಿ, ದಿನಕ್ಕೊಂದು ದನಿಯಲ್ಲಿ ಕೇಳಬೇಕು: ಒಮ್ಮೆ ಅಬ್ಬರಿಸಿ, ಒಮ್ಮೆ ಮಗನನ್ನು ಮಾತಾಡಿಸುವಂತೆ ಪ್ರೀತಿಯಿಂದ. ಐದನೆಯ ಪ್ರಶ್ನೆಯೇ ಪ್ರಸಂಗದ ಜೀವ. ಹಿರಿಯರು ಅದನ್ನು ಮೆಲ್ಲನೆ, ಮರುಕದಿಂದ ಕೇಳಿದರೆ ಉತ್ತರ ಹುಡುಕುವುದು ಬಹಳ ಕಷ್ಟ. ಅಬ್ಬರಕ್ಕೆ ಎದುರು ಅಬ್ಬರ ಸಿದ್ಧವಿಟ್ಟುಕೊಂಡ ಹುಡುಗ ಅಲ್ಲಿ ಸೋಲುತ್ತಾನೆ. ಮೂರು ವಾರ ಹೀಗೆ ಕೂತರೆ ಮಾತು ಕಾಲೂರುತ್ತದೆ.

ಗೊತ್ತಿಲ್ಲದ ಪ್ರಶ್ನೆ ಬಂದರೆ? ತನ್ನ ಮುಂದಿನ ಪದ್ಯದ ತಿರುಳಿಗೆ ಹೋಗಬೇಕು. "ಅದಕ್ಕೆ ಉತ್ತರ ಕೊಡುವ ಮೊದಲು ನಾನು ಬಂದ ಕಾರ್ಯ ಕೇಳು" ಎಂದರೂ ಸಾಕು, ದೂತನ ಬಾಯಲ್ಲಿ ಅದು ಸಲ್ಲುವ ಮಾತೇ. ತಪ್ಪಿಯೂ ಮಾಡಬಾರದ್ದು ಎರಡು. ಹಿರಿಯರ ಹಳೆಯ ಧ್ವನಿಮುದ್ರಿಕೆ, ಯೂಟ್ಯೂಬ್ ವಿಡಿಯೊಗಳಲ್ಲಿ ಕೇಳಿದ ಅವರದೇ ಮಾತನ್ನು ಅವರ ಎದುರೇ ಹೇಳುವುದು ಒಂದು. ಅವರು ಮಾತು ಮುಗಿಸುವ ಮೊದಲು ಬಾಯಿ ಹಾಕುವುದು ಇನ್ನೊಂದು. ಮುಗಿಸುವ ಹೊತ್ತಿಗೆ ಅನುಭವಿಗಳು ದನಿ ಏರಿಸಿ ಭಾಗವತರ ಕಡೆ ಅರೆ ತಿರುಗುತ್ತಾರೆ. ಹುಡುಗರು ಆ ತಿರುಗುವಿಕೆಯನ್ನು ಕಣ್ಣಿಟ್ಟು ನೋಡುವುದನ್ನು ಕಲಿಯಬೇಕು. ಈ ನೆಲದವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ತಾಳಮದ್ದಳೆಯ ಧ್ವನಿಮುದ್ರಿಕೆಗಳನ್ನು ಕೇಳಿಸುವುದಾದರೆ ಮಾತನ್ನು ಕದಿಯಲಿಕ್ಕಲ್ಲ, ವಾದ ಹೇಗೆ ಬೆಳೆಯುತ್ತದೆ, ಎಲ್ಲಿ ಉಸಿರು ಬಿಡುತ್ತಾರೆ ಎಂಬುದನ್ನು ಗಮನಿಸಲಿಕ್ಕೆ ಕೇಳಿಸಿ.

ಹಿರಿಯರು ನಿಮ್ಮ ಟ್ರಯಲ್‌ಗೆ ಬರಬೇಕಾಗಿಲ್ಲ, ನೀವೇ ಅವರ ಮನೆಗೆ ಎರಡು ಸಲ ಹೋಗಿ. ಮೊದಲ ಸಲ ಪದ್ಯದ ಪಟ್ಟಿಯೊಂದಿಗೆ ಅಂಗದನ ಪಾತ್ರಧಾರಿ, ಭಾಗವತರು. ಬೆಳಗ್ಗೆ ಉಪಾಹಾರದ ನಂತರ ಒಂದು ಗಂಟೆ ಸಾಕು. ಯಾವ ಪದ್ಯ ಬೇಡ, ಯಾವುದನ್ನು ಸೇರಿಸಬೇಕು ಎಂದು ಅವರು ಹೇಳುತ್ತಾರೆ. ಅದನ್ನು ಅಲ್ಲೇ ತಿದ್ದಿಕೊಳ್ಳಿ. ಎರಡನೆಯ ಸಲ ಆಟಕ್ಕೆ ನಾಲ್ಕೈದು ದಿನ ಮುಂಚೆ, ಮದ್ದಳೆಯನ್ನೂ ಕರೆದುಕೊಂಡು. ಕೊನೆಯ ಎರಡು ದಿನ ಅವರನ್ನು ಮಾತಾಡಿಸಲು ಹೋಗಬೇಡಿ, ಸ್ವರಕ್ಕೆ ವಿಶ್ರಾಂತಿ ಬೇಕು.

ಪ್ರಶ್ನೆ: ಅಂಗದನ ವೇಷ ನನಗೆ ಸಿಕ್ಕಿದೆ. ನಾನು ಹುಡುಗಿ, ಸ್ವರ ತೆಳು. ಭಾಗವತರ ಶ್ರುತಿಗೆ ಹೊಂದುತ್ತಿಲ್ಲ ಎನ್ನುತ್ತಾರೆ.
– ಬಿ.ಎ. ವಿದ್ಯಾರ್ಥಿನಿ, ಪೆರ್ಲ

ಉತ್ತರ: ಯಕ್ಷಗಾನದ ಮಾತು ಶ್ರುತಿಯ ಮೇಲೆ ನಿಲ್ಲುವ ಮಾತು. ಹಿರಿಯ ವೇಷಧಾರಿಗಳು ಅರ್ಥದ ಮೊದಲ ಅಕ್ಷರವನ್ನೇ ಶ್ರುತಿಗೆ ಸೇರಿಸಿ ಹಿಡಿಯುತ್ತಾರೆ. ನಿಮಗೋಸ್ಕರ ಶ್ರುತಿ ಬದಲಿಸಿದರೆ ರಾವಣನ ಮಾತು ಕೆಡುತ್ತದೆ. ಮದ್ದಳೆಯೂ ಬೇರೆಯೇ ಬೇಕಾಗುತ್ತದೆ, ಏಕೆಂದರೆ ಕಪ್ಪು ಎರಡಕ್ಕೆ (ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಶ್ರುತಿಗೆ) ಕೂಡಿಸಿದ ಮದ್ದಳೆಯನ್ನು ಆಟದ ನಡುವೆ ಮೂರು ನಾಲ್ಕು ಮನೆ ಏರಿಸಲಾಗುವುದಿಲ್ಲ. ಆದ್ದರಿಂದ ಭಾಗವತರ ಶ್ರುತಿಯನ್ನೇ ಇಟ್ಟುಕೊಂಡು ಅದರ ಪಂಚಮವನ್ನು ನಿಮ್ಮ ಮಾತಿಗೆ ನೆಲೆ ಮಾಡಿಕೊಳ್ಳಿ. ಮೊಬೈಲಿನ ಶ್ರುತಿಪೆಟ್ಟಿಗೆ ಹಾಕಿಕೊಂಡು ದಿನಕ್ಕೆ ಇಪ್ಪತ್ತು ನಿಮಿಷ, ವಾಕ್ಯದ ಕೊನೆಯ ಅಕ್ಷರ ಪಂಚಮದಲ್ಲಿ ನಿಲ್ಲುವ ಹಾಗೆ ಓದಿ. ಗಂಡುದನಿ ಮಾಡಲು ಗಂಟಲು ಒತ್ತಬೇಡಿ, ಹತ್ತು ನಿಮಿಷದಲ್ಲಿ ಸ್ವರ ಒಡೆಯುತ್ತದೆ. ಅಂಗದ ಬಾಲಕನೇ. ತೆಳು ಸ್ವರದಲ್ಲಿ ಖಚಿತವಾಗಿ ಬಿದ್ದ ಮಾತು ಅವನಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಪ್ರಶ್ನೆ: ಚೌಕಿಯ (ಬಣ್ಣ ಹಾಕಿ ವೇಷ ಕಟ್ಟುವ ಕೋಣೆಯ) ವ್ಯವಸ್ಥೆ ನನ್ನ ಪಾಲಿಗೆ ಬಂದಿದೆ. ಎಂಟು ವೇಷ, ಅದರಲ್ಲಿ ಏಳು ವಿದ್ಯಾರ್ಥಿಗಳದ್ದು. ಆಟ ಸಂಜೆ 5ಕ್ಕೆ. ಹಿರಿಯರಿಗೆ ತೊಂದರೆಯಾಗದ ಹಾಗೆ ಏನೇನು ಸಿದ್ಧಮಾಡಬೇಕು?
– ಅಧ್ಯಾಪಕ, ಮುಳ್ಳೇರಿಯ

ಉತ್ತರ: ಹೊತ್ತಿನಿಂದಲೇ ಶುರುಮಾಡೋಣ. ಮೇಲಿನ ಲೆಕ್ಕದಂತೆ ರಾವಣ ರಂಗಕ್ಕೆ ಬರುವುದು ಆಟ ಶುರುವಾಗಿ ಸುಮಾರು ಅರ್ಧ ಗಂಟೆಗೆ, ಅಂದರೆ ಐದೂವರೆಗೆ. ಕಿರೀಟ ವೇಷವಾದರೆ ಬಣ್ಣ ಹಾಕಿ ಕಟ್ಟಲು ಎರಡು ಗಂಟೆ ಹಿಡಿಯಿರಿ. ಅವರು ಕನ್ನಡಿಯ ಮುಂದೆ ಕೂರಬೇಕಾದ್ದು ಮೂರೂವರೆಗೆ. ಮುಖದ ಮೇಲೆ ಚುಟ್ಟಿ (ಬಿಳಿಯ ಮುಳ್ಳಿನಂಥ ಚುಕ್ಕೆಗಳು) ಇಡುವ ಬಣ್ಣದ ವೇಷ, ಅಂದರೆ ರಾಕ್ಷಸ ವೇಷವಾದರೆ ಬಣ್ಣಕ್ಕೇ ಮೂರು ಗಂಟೆ ಬೇಕು, ಒಂದೂವರೆಗೇ ಕೂರಬೇಕು. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಚುಟ್ಟಿ ಇಡುವಾಗ ಸುಣ್ಣ ಹೆಚ್ಚಾದರೆ ಚರ್ಮ ಉರಿಯುತ್ತದೆ, ವಯಸ್ಸಾದವರ ತೆಳು ಚರ್ಮಕ್ಕಂತೂ ಬೇಗ. ಆ ಹದವನ್ನು ಅವರೇ ನೋಡಿಕೊಳ್ಳುತ್ತಾರೆ, ವಿದ್ಯಾರ್ಥಿಗಳು ಕಲಸಿಡುವುದು ಬೇಡ.

ಎದೆಕಟ್ಟು, ಭುಜಕೀರ್ತಿ ಕಟ್ಟುವುದನ್ನು ಆಟ ಶುರುವಾಗುವವರೆಗೆ ತಡೆಯಿರಿ. ಕಿರೀಟವಂತೂ ಪ್ರವೇಶಕ್ಕೆ ಹತ್ತು ಹದಿನೈದು ನಿಮಿಷ ಇರುವಾಗ ಸಾಕು. ಬಿಗಿದು ಕಟ್ಟಿದ ವೇಷದಲ್ಲಿ ಕೂತರೆ ಉಸಿರು ಗಿಡ್ಡವಾಗುತ್ತದೆ, ತಲೆಗೆ ಸುತ್ತಿದ ಬಟ್ಟೆಯಿಂದ ನೋವು ಹಿಡಿಯುತ್ತದೆ. ಸಭಾ ಕಾರ್ಯಕ್ರಮ ನಲವತ್ತು ನಿಮಿಷ ಎಳೆದರೆ ಆ ನಲವತ್ತು ನಿಮಿಷದ ಬೆಲೆ ತೆರುವವರು ಚೌಕಿಯಲ್ಲಿ ಕೂತ ಹಿರಿಯರು. ಉದ್ಘಾಟನೆಯ ಭಾಷಣ ಮುಗಿಯದೆ ಕೊನೆಯ ಕಟ್ಟು ಬೇಡವೆಂದು ವೇಷ ಕಟ್ಟುವವರಿಗೆ ಹೇಳಿಡಿ. ವೇದಿಕೆಯಿಂದ ಚೌಕಿಗೆ ಸುದ್ದಿ ತರಲು ಒಬ್ಬ ಹುಡುಗ ಬೇರೇನೂ ಕೆಲಸವಿಲ್ಲದೆ ನಿಂತಿರಲಿ.

ಎಂಟು ವೇಷಕ್ಕೆ ಕಟ್ಟುವವರು ಇಬ್ಬರು ಬೇಕೇ ಬೇಕು. ವೇಷಭೂಷಣ ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಜನವನ್ನೂ ಕೊಡುತ್ತಾರೆ. ಇಬ್ಬರಲ್ಲಿ ಒಬ್ಬರು ಮೂರೂವರೆಯ ನಂತರ ಹಿರಿಯರಿಗೇ ಮೀಸಲು. ವಿದ್ಯಾರ್ಥಿಗಳನ್ನು ಒಂದೂವರೆಯಿಂದಲೇ ಎರಡು ಸರದಿಯಲ್ಲಿ ಕೂರಿಸಿ, ಮೊದಲು ಪ್ರವೇಶಿಸುವ ರಾಮ, ಲಕ್ಷ್ಮಣ, ಸುಗ್ರೀವ, ಅಂಗದ ಒಂದು ಸರದಿ, ಲಂಕೆಯವರು ಎರಡನೆಯದು. ಹೊಸಬರ ಬಣ್ಣಕ್ಕೆ ಅನುಭವಿಗಳ ಎರಡು ಪಟ್ಟು ಹೊತ್ತು ಬೇಕು. ಕಿರೀಟವನ್ನು ಮೊದಲ ಬಾರಿ ಆಟದ ದಿನವೇ ಹೊತ್ತುಕೊಂಡವರು ಕತ್ತು ತಿರುಗಿಸಲಾರದೆ ಕೊಯ್ದಿಟ್ಟ ಬಾಳೆಗಿಡದಂತೆ ನಿಲ್ಲುತ್ತಾರೆ. ಹಿಂದಿನ ದಿನ ಅರ್ಧ ಗಂಟೆಯಾದರೂ ಹೊತ್ತು ಕುಣಿಯಬೇಕು.

ಕೋಣೆ ನೆಲಮಟ್ಟದಲ್ಲಿರಲಿ, ಶೌಚಾಲಯ ಹತ್ತಿರವಿರಲಿ. ಮೊದಲ ಮಹಡಿಯ ತರಗತಿಯನ್ನು ಚೌಕಿ ಮಾಡಬೇಡಿ. ಕಚ್ಚೆ ಕಟ್ಟಿದ ಮೇಲೆ ಶೌಚಕ್ಕೆ ಹೋಗುವುದು ಕಷ್ಟ, ಆದ್ದರಿಂದ ಕಟ್ಟುವ ಮೊದಲು ಒಮ್ಮೆ ಕೇಳುವುದು ಹತ್ತಿರವಿರುವ ವಿದ್ಯಾರ್ಥಿಯ ಕೆಲಸ. ನೆಲದ ಮೇಲೆ ಕೂರಲಾಗದವರಿಗೆ ಕೈ ಇಲ್ಲದ ಕುರ್ಚಿ, ಅದರ ಎತ್ತರಕ್ಕೆ ಹೊಂದಿದ ಮೇಜು, ಮುಖದಷ್ಟು ದೊಡ್ಡ ಕನ್ನಡಿ, ಎರಡು ಕಡೆಯಿಂದ ಬೆಳಕು. ಫ್ಯಾನು ಇರಲಿ, ಆದರೆ ನೇರ ಮುಖಕ್ಕೆ ಬೀಸದಿರಲಿ, ಬಣ್ಣ ಬೇಗ ಒಣಗಿ ಬಿರಿಯುತ್ತದೆ. ಕುಡಿಯಲು ಬಿಸಿನೀರು, ತುಟಿಯ ಬಣ್ಣ ಕೆಡದಂತೆ ಸ್ಟ್ರಾ. ಊಟ ಕೂರುವ ಮೊದಲೇ ಮುಗಿಯಲಿ, ಗಂಜಿಯೋ ಅನ್ನ ಸಾರೋ ಮಿತವಾಗಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ಯಾವ ಹೊತ್ತಿಗೆ ಎಂಬುದನ್ನು ಮನೆಯವರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಬಣ್ಣ ತೆಗೆಯಲು ಎಂಟು ವೇಷಕ್ಕೆ ಅರ್ಧ ಲೀಟರ್ ತೆಂಗಿನೆಣ್ಣೆ, ತಲೆಗೆ ಎರಡರಂತೆ ಹಳೆಯ ಹತ್ತಿ ಬಟ್ಟೆ. ಹಿರಿಯರಿಗೆ ಮೊದಲು, ಅವರು ಆಟ ಮುಗಿದು ಅರ್ಧ ಗಂಟೆಯೊಳಗೆ ಹೊರಡುವಂತಿರಬೇಕು.

ಚೌಕಿಯ ಮರ್ಯಾದೆಗಳನ್ನು ಹುಡುಗರಿಗೆ ಹಿಂದಿನ ದಿನವೇ ಹೇಳಿಕೊಡಿ. ಚಪ್ಪಲಿ ಹೊರಗೆ. ದೀಪ ಹಚ್ಚಿ ಗಣಪತಿಗೆ ಕೈಮುಗಿದು ಬಣ್ಣಕ್ಕೆ ಕೂರುವುದು. ಕಿರೀಟವನ್ನು ನೆಲದ ಮೇಲೆ ಇಡಬಾರದು, ಚೆಂಡೆ ಮದ್ದಳೆ ದಾಟಬಾರದು. ಹಿರಿಯರ ಸ್ಥಾನ ಎಲ್ಲಿ ಎಂದು ಅವರನ್ನೇ ಕೇಳಿ, ಉಳಿದವರು ಆಮೇಲೆ ಕೂರಲಿ. ಹಿಮ್ಮೇಳದವರು ಅವರನ್ನು ಹೇಗೆ ಕರೆಯುತ್ತಾರೋ, ಭಟ್ರೇ, ಶೆಟ್ರೇ, ಅಣ್ಣ, ಹಾಗೆಯೇ ಕರೆದರೆ ಅವರಿಗೂ ಹಗುರ. ಬಣ್ಣ ಹಾಕುವಾಗ ಮೊಬೈಲಿನಲ್ಲಿ ಫೋಟೊ ಬೇಡ. ಕಣ್ಣಿನ ಗೆರೆ ಎಳೆಯುವ ಹೊತ್ತಿಗೆ "ಇತ್ತ ನೋಡಿ" ಎಂದವರಿಂದ ಕೆಟ್ಟ ಗೆರೆಯನ್ನು ಅಳಿಸಿ ಮತ್ತೆ ಎಳೆಯಲು ಕಾಲು ಗಂಟೆ ಬೇಕು.

ಪ್ರಶ್ನೆ: ನಾನು ಆಧುನಿಕ ನಾಟಕ ಮಾಡಿಸಿದವನು. ಈ ಆಟಕ್ಕೆ ಬಣ್ಣದ ದೀಪ, ಕತ್ತಲು, ಕಾಲರ್ ಮೈಕು ಬಳಸಬೇಕೆಂದಿದ್ದೆ. ಹಿರಿಯರು "ನಿಮ್ಮಿಷ್ಟ" ಎಂದಷ್ಟೇ ಹೇಳಿದರು. ಒಪ್ಪಿದರೆಂದು ತಿಳಿಯಲೇ?
– ರಂಗ ನಿರ್ದೇಶಕ, ಮಂಜೇಶ್ವರ

ಉತ್ತರ: ಬೇಡ. "ನಿಮ್ಮಿಷ್ಟ" ಎಂಬುದು ನಮ್ಮ ಕಡೆ ಹೆಚ್ಚಾಗಿ ಒಪ್ಪಿಗೆಯ ಮಾತಲ್ಲ. ಒಂದೊಂದನ್ನೂ ಬಿಡಿಸಿ ಕೇಳಿ: "ನೀವು ರಂಗದಲ್ಲಿರುವಾಗ ದೀಪ ಆರಿಸಿದರೆ ತೊಂದರೆಯಾಗುತ್ತದೆಯೇ?" ಆಗ ಸರಿಯಾದ ಉತ್ತರ ಸಿಗುತ್ತದೆ.

ಯಕ್ಷಗಾನದ ಮುಖವರ್ಣಿಕೆ, ಕೆಂಪು ಹಸಿರು ಉಡುಪು, ಚಿನ್ನದ ಬಣ್ಣದ ಕಿರೀಟ ಎಲ್ಲ ಬೆಚ್ಚನೆಯ ಹಳದಿ ಬೆಳಕಿಗೆ ಹುಟ್ಟಿದವು. ನೀಲಿ ಅಥವಾ ಹಸಿರು ದೀಪದಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ, ರಾವಣನ ಮುಖದ ಗೆರೆಗಳೆಲ್ಲ ಒಂದರೊಳಗೊಂದು ಮುಳುಗುತ್ತವೆ. ಮುಂದಿನಿಂದ ಎರಡೂ ಬದಿಗೆ ಬೆಚ್ಚನೆಯ ಬೆಳಕು ಸಮನಾಗಿರಲಿ. ಬಣ್ಣದ ದೀಪ ಬೇಕೇ ಬೇಕಿದ್ದರೆ ಹಿಂದಿನ ಪರದೆಯ ಮೇಲೆ ಮಾತ್ರ. ಪೂರ್ತಿ ಕತ್ತಲು ಮಾಡಲೇಬೇಡಿ. ಎದೆಕಟ್ಟು, ಸೊಂಟದ ಕಟ್ಟುಗಳಿಂದ ವೇಷಧಾರಿಗೆ ತನ್ನ ಕಾಲೇ ಕಾಣುವುದಿಲ್ಲ, ಕತ್ತಲಲ್ಲಿ ಮೆಟ್ಟಿಲು ತಪ್ಪಿದರೆ ಹಿಡಿದುಕೊಳ್ಳಲೂ ಆಗದು. ದೃಶ್ಯ ಬದಲಿಸಲು ನಮ್ಮಲ್ಲೇ ತೆರೆ ಇದೆ. ಇಬ್ಬರು ವಿದ್ಯಾರ್ಥಿಗಳು ಹಿಡಿದ ತೆರೆಯ ಹಿಂದೆ ರಾವಣ ಬಂದು ನಿಲ್ಲುವುದು ಯಾವ ದೀಪದಿಂದಲೂ ಆಗದ ಪ್ರವೇಶ.

ನೆಲಹಾಸು ಎಳೆದು ಅಂಚಿಗೆ ಟೇಪು ಹಾಕಿ, ಸುಕ್ಕಿಗೆ ಕಾಲ್ಬೆರಳು ಸಿಕ್ಕಿಬೀಳುವವರು ಬಹಳ. ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಗೆಜ್ಜೆ ಕಟ್ಟಿ ಕುಣಿದರೆ ಜಾರುತ್ತದೆ. ವೇದಿಕೆಗೆ ಹತ್ತುವ ಮೆಟ್ಟಿಲಿಗೆ ಹಿಡಿಗಂಬಿ ಬೇಕು. ರಾವಣನ ರಥ (ರಂಗದಲ್ಲಿ ಕೂರುವ ಆಸನ) ಗಟ್ಟಿಯಿದೆಯೇ ಎಂದು ದೊಡ್ಡವರೊಬ್ಬರು ಕೂತು, ಎದ್ದು, ಒಂದು ಕಾಲು ಮೇಲಿಟ್ಟು ನೋಡಲಿ. ಪ್ಲಾಸ್ಟಿಕ್ ಕುರ್ಚಿಗೆ ಬಟ್ಟೆ ಹೊದೆಸುವುದು ಅಪಾಯ.

ಕಾಲರ್ ಮೈಕು ಬೇಡವೆನ್ನಲು ಕಾರಣ ಸರಳ. ಎದೆಯ ಮೇಲಿನ ಮಣಿ, ಕಟ್ಟುಗಳು ಉಜ್ಜಿ ಕರಕರ ಸದ್ದು ಬರುತ್ತದೆ, ಬೆವರಿಗೆ ನಡುವೆ ಕೆಡುತ್ತದೆ. ಮುಂದೆ ಎರಡು ಸ್ಟ್ಯಾಂಡ್ ಮೈಕು, ರಾವಣ ಕೂತೇ ಮಾತಾಡುವುದರಿಂದ ರಥದ ಪಕ್ಕ ಅವರ ಬಾಯಿಯ ಎತ್ತರಕ್ಕೆ ಒಂದು, ಭಾಗವತರಿಗೆ ಒಂದು, ಮದ್ದಳೆಗೆ ಒಂದು. ಮುನ್ನೂರು ನಾನೂರು ಜನರ ಸಭಾಂಗಣದಲ್ಲಿ ಚೆಂಡೆಗೆ ಮೈಕು ಬೇಡ. ವೇದಿಕೆಯ ಕಡೆ ಮುಖಮಾಡಿದ ಒಂದು ಸ್ಪೀಕರು ಮರೆಯಬೇಡಿ. ಕಿವಿ ಮಂದವಾದ ಹಿರಿಯರಿಗೆ ಭಾಗವತರ ಹಾಡು ಕೇಳದಿದ್ದರೆ ಪದ್ಯ ಎಲ್ಲಿಗೆ ಬಂತೆಂದೇ ತಿಳಿಯುವುದಿಲ್ಲ. ಮಳೆಗಾಲದ ತೇವಕ್ಕೆ ಚೆಂಡೆ ಮದ್ದಳೆಯ ಚರ್ಮ ಸಡಿಲಾಗಿ ನಾದ ಇಳಿಯುತ್ತದೆ, ಅವನ್ನು ತೆರೆದ ಕಿಟಕಿಯ ಬಳಿ ಇಡದೆ ಒಣಗಿದ, ಬೆಚ್ಚಗಿನ ಕೋಣೆಯಲ್ಲಿಟ್ಟು ಆಟಕ್ಕೆ ಮುಂಚೆ ಶ್ರುತಿ ಕೂಡಿಸಲು ಅರ್ಧ ಗಂಟೆ ಕೊಡಿ.

ಪ್ರಶ್ನೆ: ನಮ್ಮ ಸಭಿಕರಲ್ಲಿ ಅರ್ಧಕ್ಕರ್ಧ ಮಲಯಾಳ ಮಾತ್ರ ಬಲ್ಲವರು. ತಂಡದಲ್ಲೂ ಇಬ್ಬರು ಮಲಯಾಳಿ ವಿದ್ಯಾರ್ಥಿಗಳಿದ್ದಾರೆ. ಹಿರಿಯರಿಗೆ ನಡುನಡುವೆ ಮಲಯಾಳದಲ್ಲಿ ಮಾತಾಡಲು ಹೇಳಬಹುದೇ?
– ಕಾರ್ಯಕ್ರಮ ಸಂಚಾಲಕ, ಹೊಸದುರ್ಗ ತಾಲೂಕು

ಉತ್ತರ: ರಾವಣನ ಮಾತಿನ ನಡುವೆ ಭಾಷೆ ಬದಲಿಸಲು ಹೇಳಬೇಡಿ, ಅರ್ಥದ ಓಟ ಕಡಿಯುತ್ತದೆ. ಬೇಕೆನಿಸಿದರೆ ಲಂಕೆಯ ದೂತನ ಹಾಸ್ಯ ಪಾತ್ರಕ್ಕೆ ಎರಡು ಮಾತು ಮಲಯಾಳದಲ್ಲಿ ಕೊಡಬಹುದು. ಕಥೆ ರಾಮಾಯಣದ್ದು, ಅವರಿಗೂ ತಿಳಿದದ್ದೇ. ಎಂಟು ಪದ್ಯಗಳ ಸಾರವನ್ನು ಪದ್ಯಕ್ಕೆರಡು ಸಾಲಿನಂತೆ ಮಲಯಾಳದಲ್ಲಿ ಒಂದೇ ಹಾಳೆಗೆ ಅಚ್ಚುಮಾಡಿಸಿ ಬಾಗಿಲಲ್ಲಿ ಹಂಚಿ. ಸಭಾಂಗಣದ ದೀಪ ಪೂರ್ತಿ ಆರಿಸದಿದ್ದರೆ ಓದಿಕೊಳ್ಳುತ್ತಾರೆ.

ಮಲಯಾಳಿ ವಿದ್ಯಾರ್ಥಿಗಳು ತಮ್ಮ ಲಿಪಿಯಲ್ಲೇ ಮಾತು ಬರೆದುಕೊಳ್ಳಲಿ, ಅಡ್ಡಿಯಿಲ್ಲ. ಅವರ ಬಾಯಲ್ಲಿ ಪದದ ಕೊನೆಯ ಉಕಾರ ಅರೆಯಾಗುವುದುಂಟು. ಶ್ರುತಿಯಲ್ಲಿ ನಿಲ್ಲಿಸಬೇಕಾದ ಸ್ವರವೇ ಅದಾದ್ದರಿಂದ ಅಲ್ಲೇ ಮಾತು ಬೀಳುತ್ತದೆ. ದಿನವೂ ಹತ್ತು ವಾಕ್ಯಗಳ ಕೊನೆಯ ಅಕ್ಷರವನ್ನು ಎಳೆದು ಹೇಳಿಸಿ.

ಪ್ರಶ್ನೆ: ಹಿರಿಯರಿಗೆ ಅದೇ ವೇದಿಕೆಯಲ್ಲಿ ಸನ್ಮಾನ ಮಾಡಬೇಕೆಂದಿದ್ದೇವೆ. ಆಟದ ಮೊದಲೋ ಕೊನೆಗೋ?
– ಹಳೆ ವಿದ್ಯಾರ್ಥಿ, ನೀರ್ಚಾಲು

ಉತ್ತರ: ಎರಡೂ ಬೇಡ. ಮೊದಲು ಮಾಡಿದರೆ ಬಣ್ಣ ಹಾಕುವ ಹೊತ್ತಿಗೆ ಪೆಟ್ಟು. ಕೊನೆಗೆ ಮಾಡಿದರೆ ಬೆವರಿ ದಣಿದವರನ್ನು ವೇಷದಲ್ಲೇ ನಿಲ್ಲಿಸಿ ನಾಲ್ಕು ಭಾಷಣ ಕೇಳಿಸಿದಂತೆ. ಭುಜಕೀರ್ತಿಯ ಮೇಲೆ ಶಾಲು ನಿಲ್ಲುವುದಿಲ್ಲ, ಕಿರೀಟದ ಮೇಲೆ ಪೇಟ ಇಡಲಾಗದು ಎಂಬುದೂ ಇದೆ. ಆಟ ಮುಗಿದು ವಾರದೊಳಗೆ ಒಂದು ಬೆಳಗ್ಗೆ ಅವರನ್ನು ಮತ್ತೆ ಕಾಲೇಜಿಗೆ ಕರೆಯಿರಿ. ಅಂಗದ ಮಾಡಿದವರು, ಭಾಗವತರು, ತಂಡದವರೆಲ್ಲ ಎದುರು ಕೂತು ಯಾವ ಮಾತಿಗೆ ಯಾವ ಉತ್ತರ ಬರಬಹುದಿತ್ತು ಎಂದು ಅವರಿಂದಲೇ ಕೇಳಲಿ. ಹಾರ, ಶಾಲು, ಹಣ್ಣುಹಂಪಲು ಅಲ್ಲಿ ಕೊಡಿ. ಆ ದಿನದ ಕಾರೂ ನಿಮ್ಮದೇ. ಆಟದ ದಿನದ ಸಂಭಾವನೆಯನ್ನು ಮಾತ್ರ ಅಲ್ಲಿಯವರೆಗೆ ಕಾಯಿಸದೆ, ಅವರು ಬಣ್ಣ ತೆಗೆದು ಮುಖ ತೊಳೆದ ಕೂಡಲೇ ಚೌಕಿಯಲ್ಲೇ ಅಧ್ಯಾಪಕರ ಕೈಯಿಂದ ಕೊಡಿಸಿ. ಆಟದ ವಿಡಿಯೊವನ್ನು ಯೂಟ್ಯೂಬಿಗೆ ಹಾಕುವ ಯೋಚನೆಯಿದ್ದರೆ ವೀಳ್ಯ ಕೊಡುವ ದಿನವೇ ಒಪ್ಪಿಗೆ ಕೇಳಿರಬೇಕು. ಭಾಗವತರ, ಮದ್ದಳೆ ಚೆಂಡೆಯವರ ಒಪ್ಪಿಗೆಯೂ ಬೇಕು.